ಹಳೆಯ ಪೀಠೋಪಕರಣಕ್ಕೆ ಹೊಸ ಲೇಪ: ಕುಂಚ ಹಿಡಿಯುವ ಮುನ್ನ ಮತ್ತು ಹಿಡಿದ ಮೇಲೆ

ಹಳೆಯ ಮೇಜು, ಕುರ್ಚಿ ಅಥವಾ ಕಪಾಟಿಗೆ ಮನೆಯಲ್ಲೇ ಹೊಸ ರೂಪ ಕೊಡಲು ಹೊರಟವರು ಸಾಮಾನ್ಯವಾಗಿ ಮೊದಲು ಯೋಚಿಸುವುದು ಯಾವ ಬಣ್ಣ ಹಚ್ಚಬೇಕೆಂಬುದನ್ನು. ಆ ಪ್ರಶ್ನೆ ನಿಜವಾಗಿ ಕೊನೆಗೆ ಬರಬೇಕಾದದ್ದು. ಮರದ ಮೇಲೆ ಈಗಾಗಲೇ ಇರುವ ಲೇಪ ಯಾವುದು, ಅದರಡಿ ಇರುವುದು ಗಟ್ಟಿಮರವೋ ತೆಳು ಹಾಳೆ ಅಂಟಿಸಿದ ಹಲಗೆಯೋ, ಲೇಪ ಕೆಟ್ಟದ್ದು ನೀರಿನಿಂದಲೋ ಬಿಸಿಲಿನಿಂದಲೋ ಎಂಬುದನ್ನು ತಿಳಿಯದೆ ಹಚ್ಚಿದ ಬಣ್ಣ ಎಷ್ಟೇ ಒಳ್ಳೆಯದಾಗಿದ್ದರೂ ಕೆಲವು ತಿಂಗಳಲ್ಲಿ ಉಗುರಿಗೆ ಸಿಕ್ಕಿ ಸಿಪ್ಪೆಯಂತೆ ಎದ್ದುಬರುತ್ತದೆ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ಬಣ್ಣದ ಡಬ್ಬಿ ತೆರೆಯುವುದಕ್ಕಿಂತ ಮೊದಲಿನ ಕೆಲಸವನ್ನು ಕುರಿತದ್ದು. ಕೆಲಸಕ್ಕೆ ಹಿಡಿಯುವ ಸಮಯವೂ ಇದೇ ಪ್ರಮಾಣದಲ್ಲಿ ಹಂಚಿಹೋಗುತ್ತದೆ.

ತೊಳೆದು ನೋಡುವುದು

ಮಂಕಾಗಿ ಕಪ್ಪಿಟ್ಟಂತೆ ಕಾಣುವ ಅನೇಕ ಪೀಠೋಪಕರಣಗಳಲ್ಲಿ ಕೆಟ್ಟಿರುವುದು ಲೇಪವಲ್ಲ, ಅದರ ಮೇಲೆ ವರ್ಷಗಳಿಂದ ಕೂತ ಕೈಜಿಡ್ಡು, ಹೊಗೆ, ದೂಳು ಮತ್ತು ಹಳೆಯ ಮೇಣ. ಉಗುರುಬೆಚ್ಚಗಿನ ನೀರಿಗೆ ಸೌಮ್ಯ ಸಾಬೂನಿನ ಕೆಲವು ಹನಿ ಬೆರೆಸಿ, ಬಟ್ಟೆಯನ್ನು ಅದ್ದಿ ಚೆನ್ನಾಗಿ ಹಿಂಡಿ ಒರೆಸಿ, ಕೂಡಲೇ ಒಣಬಟ್ಟೆಯಿಂದ ತೇವ ತೆಗೆಯಿರಿ. ಮೇಣದ ಪದರವಿದ್ದರೆ ಅದು ನೀರಿಗೆ ಬಗ್ಗುವುದಿಲ್ಲ. ಅದನ್ನು ಮಿನರಲ್ ಟರ್ಪೆಂಟೈನ್ ತಾಗಿಸಿದ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಬಟ್ಟೆಗೆ ಕಂದು ಬಣ್ಣ ಹತ್ತುವುದು ನಿಂತ ಮೇಲೆ ಒಂದು ದಿನ ಬಿಟ್ಟು ನೋಡಿದರೆ, ಹೊಸ ಮೇಣದ ತೆಳು ಪದರವೊಂದೇ ಸಾಕೆನ್ನುವ ಸ್ಥಿತಿಯಲ್ಲಿ ಮರ ಕಾಣಿಸಿಕೊಳ್ಳಬಹುದು. ಕೈಯಿಂದ ಕೊರೆದ ಕೂಡುಗಳು, ಮೂಲ ಅರಗಿನ ಪಾಲಿಶ್, ಅಡಿಯಲ್ಲಿ ತಯಾರಕರ ಗುರುತು ಇವುಗಳಲ್ಲಿ ಯಾವುದಾದರೂ ಇರುವ ಬಹಳ ಹಳೆಯ ವಸ್ತುವಾದರೆ ಇಲ್ಲಿಗೇ ನಿಂತು, ಅಂಥ ವಸ್ತುಗಳನ್ನು ಬಲ್ಲವರಿಗೆ ತೋರಿಸುವುದು ಸರಿ. ಒಮ್ಮೆ ಕೆರೆದು ತೆಗೆದ ಹಳೆಯ ಮೈಬಣ್ಣವನ್ನು ಮರಳಿ ತರುವ ಉಪಾಯ ಯಾವುದೂ ಇಲ್ಲ.

ಹಳೆಯ ಲೇಪವನ್ನು ಗುರುತಿಸುವುದು

ಕಣ್ಣಿಗೆ ಎಲ್ಲ ಪಾರದರ್ಶಕ ಲೇಪಗಳೂ ಒಂದೇ ರೀತಿ ಕಾಣುತ್ತವೆ. ಆದರೆ ಅವುಗಳ ಸ್ವಭಾವ ಬೇರೆ ಬೇರೆ. ಅದನ್ನು ತಿಳಿಯಲು ಮೇಜಿನ ಅಡಿ, ಕಾಲಿನ ಒಳಮೈ ಅಥವಾ ಕಪಾಟಿನ ಹಿಂಬದಿಯಂಥ ಮರೆಯ ಜಾಗವೊಂದನ್ನು ಆರಿಸಿಕೊಂಡು, ಹತ್ತಿಯ ತುಂಡಿನಿಂದ ಡಿನೇಚರ್ಡ್ ಸ್ಪಿರಿಟ್‌ನ, ಎಂದರೆ ಕುಡಿಯಲಾಗದಂತೆ ಮಾಡಿದ ಮದ್ಯಸಾರದ, ಒಂದೆರಡು ಹನಿ ಇಡಿ. ಒಂದು ನಿಮಿಷದೊಳಗೆ ಲೇಪ ಮೆತ್ತಗಾಗಿ ಬೆರಳಿಗೆ ಅಂಟಿದರೆ ಅದು ಅರಗು, ಎಂದರೆ ಶೆಲ್ಲ್ಯಾಕ್. ಲ್ಯಾಕ್ ಕೀಟಗಳು ಮರದ ಕೊಂಬೆಗಳ ಮೇಲೆ ಸ್ರವಿಸುವ ರಾಳದಿಂದ ಸಿದ್ಧವಾಗುವ ಈ ಲೇಪವೇ ಫ್ರೆಂಚ್ ಪಾಲಿಶ್‌ನ ಮೂಲವಸ್ತು. ಸ್ಪಿರಿಟ್‌ನಿಂದ ಏನೂ ಆಗದಿದ್ದರೆ ಪಕ್ಕದಲ್ಲಿ ಲ್ಯಾಕರ್ ಥಿನ್ನರ್‌ನ ಹನಿ ಇಟ್ಟು ನೋಡಿ; ಅದರಲ್ಲಿ ಕರಗಿದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಇರುವ ಸಾಧ್ಯತೆ ಹೆಚ್ಚು. ಎರಡಕ್ಕೂ ಜಗ್ಗದಿದ್ದರೆ ಎಣ್ಣೆ ವಾರ್ನಿಷ್ ಅಥವಾ ಪಾಲಿಯುರೆಥೇನ್ ಎಂದು ತಿಳಿಯಬಹುದು. ಇಟ್ಟ ನೀರಿನ ಹನಿ ಬೇಗ ಇಂಗಿ ಮರ ಕಪ್ಪಗಾದರೆ ಅಲ್ಲಿ ಪದರವೆಂಬುದೇ ಇಲ್ಲ. ಎಣ್ಣೆ ಹಚ್ಚಿದ ಅಥವಾ ಬರಿಯ ಮರ ಅದು.

ಈ ಐದು ನಿಮಿಷದ ಪರೀಕ್ಷೆಗೆ ನಾನು ಇಷ್ಟು ಬೆಲೆ ಕೊಡುವುದಕ್ಕೆ ಕಾರಣವಿದೆ. ಅರಗು ಮತ್ತು ಲ್ಯಾಕರ್‌ಗಳು ದ್ರಾವಕ ಆವಿಯಾಗುವುದರಿಂದ ಮಾತ್ರ ಗಟ್ಟಿಯಾದವು. ಅದೇ ದ್ರಾವಕ ಮತ್ತೆ ತಾಗಿದರೆ ಮತ್ತೆ ಕರಗುತ್ತವೆ, ಆದ್ದರಿಂದ ಅವುಗಳ ಮೇಲೆ ಅದೇ ಜಾತಿಯ ಹೊಸ ಪದರ ಹಚ್ಚಿದಾಗ ಹಳೆಯದೂ ಹೊಸದೂ ಬೆರೆತು ಒಂದೇ ಪದರವಾಗುತ್ತವೆ. ಸಣ್ಣ ಸಣ್ಣ ಬಿರುಕುಗಳ ಜಾಲ ಕಟ್ಟಿಕೊಂಡ ಹಳೆಯ ಅರಗಿನ ಪಾಲಿಶನ್ನು ಇದೇ ಗುಣವನ್ನು ಬಳಸಿಕೊಂಡು, ಸ್ಪಿರಿಟ್‌ನಲ್ಲಿ ಅದ್ದಿದ ಮೃದು ಕುಂಚವನ್ನು ಹಗುರವಾಗಿ ಆಡಿಸಿ, ಕೆರೆಯದೆಯೇ ಸರಿಪಡಿಸಬಹುದು. ವಾರ್ನಿಷ್ ಮತ್ತು ಪಾಲಿಯುರೆಥೇನ್ ಹಾಗಲ್ಲ. ಅವು ಒಣಗುವಾಗ ರಾಸಾಯನಿಕ ಕ್ರಿಯೆ ನಡೆದು ಅಣುಗಳು ಒಂದಕ್ಕೊಂದು ಹೆಣೆದುಕೊಂಡುಬಿಡುತ್ತವೆ, ಮತ್ತೆ ಕರಗುವುದಿಲ್ಲ. ಅವುಗಳ ಮೇಲೆ ಬರುವ ಯಾವ ಪದರವೂ ಉಜ್ಜಿ ಮಾಡಿದ ಗೀರುಗಳನ್ನು ಕಚ್ಚಿಕೊಂಡೇ ನಿಲ್ಲಬೇಕು. ಹೊಳೆಯುವ ವಾರ್ನಿಷ್ ಮೇಲೆ ಉಜ್ಜದೆ ಹಚ್ಚಿದ ಬಣ್ಣ ಸುಲಿದುಹೋಗುವುದು ಈ ಕಾರಣದಿಂದಲೇ ಹೊರತು ಬಣ್ಣದ ದೋಷದಿಂದಲ್ಲ.

ಕಲೆಗಳನ್ನೂ ಹೀಗೆಯೇ ಓದಬೇಕು. ಬಿಸಿ ಲೋಟ ಇಟ್ಟ ಬಿಳಿ ಉಂಗುರ ಮರದ್ದಲ್ಲ, ಲೇಪದೊಳಗೆ ಸಿಕ್ಕಿಕೊಂಡ ತೇವದ್ದು. ಕೂದಲು ಒಣಗಿಸುವ ಯಂತ್ರವನ್ನು ಕಡಿಮೆ ಬಿಸಿಯಲ್ಲಿ ದೂರದಿಂದ ಆಡಿಸುತ್ತಿದ್ದರೆ ಅದು ಅನೇಕ ವೇಳೆ ಮಾಯವಾಗುತ್ತದೆ. ಕಪ್ಪು ಉಂಗುರವಾದರೆ ನೀರು ಲೇಪವನ್ನು ದಾಟಿ ಮರಕ್ಕಿಳಿದು, ಅಲ್ಲಿನ ಟ್ಯಾನಿನ್ (ಮರದಲ್ಲಿ ಸಹಜವಾಗಿರುವ ಒಗರು ಪದಾರ್ಥ) ಮತ್ತು ಕಬ್ಬಿಣದ ಅಂಶ ಸೇರಿ ಕಪ್ಪಾಗಿದೆ ಎಂದರ್ಥ. ಅದಕ್ಕೆ ಮೇಲಿನ ಲೇಪ ತೆಗೆದು, ಬರಿಮೈ ಮರಕ್ಕೆ ಆಕ್ಸಾಲಿಕ್ ಆಮ್ಲದ ದ್ರಾವಣ ಹಚ್ಚಬೇಕಾಗುತ್ತದೆ. ಕಲೆಯ ಮೇಲಷ್ಟೇ ಹಚ್ಚಿದರೆ ಅಲ್ಲಿ ಬಿಳಿಚಿದ ತೇಪೆ ಉಳಿಯುವುದರಿಂದ ಇಡೀ ಹಲಗೆಗೆ ಸಮನಾಗಿ ಹಚ್ಚಿ, ಒಣಗಿದ ಮೇಲೆ ಶುದ್ಧ ನೀರಿನಿಂದ ಹಲವು ಬಾರಿ ಒರೆಸಿ ತೊಳೆಯಿರಿ. ಈ ಆಮ್ಲ ವಿಷಕಾರಿ. ಅದರ ಹರಳಿನ ದೂಳು ಉಸಿರಿಗೆ ಹೋಗಬಾರದು. ಆದ್ದರಿಂದ ಕೈಗವಸು, ಕನ್ನಡಕ ಎರಡೂ ಇರಲಿ, ತೊಳೆಯುವ ಮುನ್ನ ಆ ಮೈಯನ್ನು ಎಂದೂ ಉಜ್ಜಬೇಡಿ.

ತೆಗೆಯಬೇಕಾದಾಗ

ಹಳೆಯ ಲೇಪ ಗಟ್ಟಿಯಾಗಿ ಅಂಟಿಕೊಂಡಿದ್ದು, ಅದರ ಮೇಲೆ ಬಣ್ಣ ಹಚ್ಚುವ ಉದ್ದೇಶವಿದ್ದರೆ ಪೂರ್ತಿ ತೆಗೆಯುವ ಅಗತ್ಯವಿಲ್ಲ. ಸ್ವಚ್ಛಮಾಡಿ, ಹೊಳಪು ಹೋಗುವಷ್ಟು ಉಜ್ಜಿದರೆ ಸಾಕು. ಚಕ್ಕೆ ಏಳುತ್ತಿದ್ದರೆ, ಅಥವಾ ಮರದ ನಾರು ಕಾಣುವಂತೆ ಪಾರದರ್ಶಕ ಲೇಪ ಬೇಕಿದ್ದರೆ ಮಾತ್ರ ಪೂರ್ತಿ ತೆಗೆಯಿರಿ.

ಬಣ್ಣ ಬಳಿದ ಹಳೆಯ ವಸ್ತುವಾದರೆ ಉಜ್ಜುವ ಮೊದಲು ಸೀಸದ ವಿಚಾರ ಬರುತ್ತದೆ. ಹಿಂದಿನ ಕಾಲದ ಬಣ್ಣಗಳಲ್ಲಿ ಸೀಸದ ಸಂಯುಕ್ತಗಳನ್ನು ಹೇರಳವಾಗಿ ಬಳಸುತ್ತಿದ್ದರು. ಒಣಗಿದ ಬಣ್ಣವನ್ನು ಉಜ್ಜಿದಾಗ ಏಳುವ ದೂಳು ಮನೆಯಲ್ಲೆಲ್ಲ ಹರಡಿ, ಮಕ್ಕಳ ಮೆದುಳಿನ ಬೆಳವಣಿಗೆಗೂ ಗರ್ಭಿಣಿಯರಿಗೂ ತೀವ್ರ ಹಾನಿ ಮಾಡಬಲ್ಲದು. ಬಣ್ಣದ ವಯಸ್ಸು ಗೊತ್ತಿಲ್ಲದಿದ್ದರೆ ಸೀಸ ಪರೀಕ್ಷೆಯ ಕಿಟ್ ಬಳಸಿ ಅಥವಾ ಚಕ್ಕೆಯೊಂದನ್ನು ಪ್ರಯೋಗಾಲಯಕ್ಕೆ ಕೊಡಿ. ಸೀಸವಿದೆಯೆಂದಾದರೆ ಒಣಗಿದ್ದನ್ನು ಉಜ್ಜುವುದಾಗಲಿ, ಬಿಸಿಗಾಳಿಯ ಗನ್‌ನಿಂದ ಸುಡುವುದಾಗಲಿ ಬೇಡ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಆ ಕೆಲಸವನ್ನು ಸರಿಯಾದ ಸಲಕರಣೆ ಇರುವವರಿಗೆ ಒಪ್ಪಿಸುವುದೇ ವಿವೇಕ. ಇದೊಂದು ವಿಷಯದಲ್ಲಿ ಧೈರ್ಯ ಮಾಡಬೇಡಿರೆಂದು ಓದುಗರನ್ನು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಬಣ್ಣ ತೆಗೆಯುವ ದ್ರಾವಕಗಳಲ್ಲಿ ಮೆಥಿಲೀನ್ ಕ್ಲೋರೈಡ್ ಇರುವುದನ್ನು ಮನೆಯೊಳಗೆ ತರಲೇಬೇಡಿ. ಅದರ ಆವಿ ದೇಹದೊಳಗೆ ಕಾರ್ಬನ್ ಮಾನಾಕ್ಸೈಡ್ ಆಗಿ ಮಾರ್ಪಡುತ್ತದೆ. ಮುಚ್ಚಿದ ಕೋಣೆಗಳಲ್ಲಿ ಅದರಿಂದ ಸಾವುಗಳು ಸಂಭವಿಸಿವೆ. ಅದಿಲ್ಲದ, ಜೆಲ್ ರೂಪದ ದ್ರಾವಕಗಳು ನಿಧಾನವಾದರೂ ಕೆಲಸ ಮಾಡುತ್ತವೆ. ಅದನ್ನು ಹಳೆಯ ಕುಂಚದಿಂದ ದಪ್ಪಗೆ, ಒಂದೇ ದಿಕ್ಕಿನಲ್ಲಿ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಲೇಪ ಸುಕ್ಕುಗಟ್ಟುವವರೆಗೆ ಕಾಯಿರಿ. ಬಳಿಕ ಮೊನೆ ಮೊಂಡಾಗಿಸಿದ ಕೆರೆಪಟ್ಟಿಯಿಂದ ನಾರಿನ ದಿಕ್ಕಿನಲ್ಲೇ ತಳ್ಳಿದರೆ ಲೇಪ ಕೆಸರಿನಂತೆ ಬರುತ್ತದೆ. ಕಡೆದ ಕಾಲುಗಳ ತೋಡುಗಳಲ್ಲಿ ಸೆಣಬಿನ ಹುರಿಯನ್ನು ಹಿಂದೆ ಮುಂದೆ ಎಳೆದು ಒರೆಸುವುದು ಯಾವ ಲೋಹದ ಸಲಕರಣೆಗಿಂತಲೂ ಮೇಲು. ಕೊನೆಗೆ ಡಬ್ಬಿಯ ಮೇಲೆ ಸೂಚಿಸಿದ ದ್ರವದಿಂದ ಉಳಿಕೆಯನ್ನು ತೊಳೆಯದಿದ್ದರೆ ಮುಂದಿನ ಲೇಪ ಒಣಗುವುದೇ ಇಲ್ಲ.

ದುರಸ್ತಿ

ಅಲ್ಲಾಡುವ ಕುರ್ಚಿಗೆ ಮೊಳೆ ಹೊಡೆಯುವುದು ಬಹಳ ಕಡೆ ಕಾಣುವ ತಪ್ಪು. ಮೊಳೆ ಮರವನ್ನು ಸೀಳುತ್ತದೆ, ಕೂಡು ಮತ್ತೆ ಸಡಿಲವಾಗುತ್ತದೆ. ಕೂಡನ್ನು ಬಿಚ್ಚಿ, ಪ್ರತಿ ಭಾಗಕ್ಕೂ ಅಂಟುಪಟ್ಟಿಯ ಮೇಲೆ ಸಂಖ್ಯೆ ಬರೆದು, ಹಳೆಯ ಅಂಟನ್ನು ಪೂರ್ತಿ ತೆಗೆಯಬೇಕು. ಇಂದಿನ ಬಿಳಿ ಮರದಂಟು ಮರದ ರಂಧ್ರಗಳಿಗೆ ಇಳಿದು ಹಿಡಿಯುವಂಥದು, ಆದ್ದರಿಂದ ಹಳೆಯ ಅಂಟಿನ ಪದರದ ಮೇಲೆ ಅದಕ್ಕೆ ಹಿಡಿತ ಸಿಗುವುದಿಲ್ಲ. ಬಹಳ ಹಳೆಯ ಪೀಠೋಪಕರಣಗಳಲ್ಲಿ ಪ್ರಾಣಿಗಳ ಚರ್ಮ, ಮೂಳೆಗಳಿಂದ ಮಾಡಿದ ಅಂಟು ಇರುತ್ತದೆ. ಬೆಚ್ಚಗಿನ ವಿನಿಗರ್ ತಾಗಿಸಿದರೆ ಅದು ಮೆತ್ತಗಾಗುತ್ತದೆ. ಹೊಸ ಅಂಟು ಹಚ್ಚಿ, ಕ್ಲ್ಯಾಂಪ್ ಬಿಗಿದು, ಹೊರಗೆ ಉಕ್ಕಿದ್ದನ್ನು ಒದ್ದೆ ಬಟ್ಟೆಯಿಂದ ಕೂಡಲೇ ಒರೆಸಿ. ಅಲ್ಲಿ ಅಂಟು ಉಳಿದರೆ ಸ್ಟೇನ್, ಎಂದರೆ ನಾರು ಮುಚ್ಚದೆ ಮರಕ್ಕಿಳಿದು ಬಣ್ಣ ಕೊಡುವ ದ್ರವ, ಹೀರದೆ ಆ ಜಾಗ ಮಾತ್ರ ಬಿಳಿಚಿಕೊಂಡು ಕಾಣುತ್ತದೆ. 24 ಗಂಟೆ ಅದರ ಮೇಲೆ ಭಾರ ಹಾಕಬೇಡಿ.

ಸಣ್ಣ ದುಂಡು ರಂಧ್ರಗಳು, ಅವುಗಳ ಕೆಳಗೆ ನುಣ್ಣನೆಯ ಹಿಟ್ಟಿನಂಥ ಪುಡಿ ಕಂಡರೆ ಕುಟ್ಟೆಹುಳು ಇನ್ನೂ ಒಳಗಿದೆಯೆಂದು ಭಾವಿಸಿ. ಲೇಪ ತೆಗೆದ ಬರಿಮೈ ಮರಕ್ಕೆ ಬೋರೇಟ್ ದ್ರಾವಣ ಅಥವಾ ಮರಹುಳುವಿನ ಔಷಧಿ ಉಣಿಸಿ, ಕೆಲವು ವಾರ ಬೇರೆ ಮರದ ಸಾಮಾನುಗಳಿಂದ ದೂರವಿಟ್ಟು, ಅಡಿಯಲ್ಲಿ ಕಪ್ಪು ಕಾಗದ ಹಾಸಿ ನೋಡಿರಿ. ಹೊಸ ಪುಡಿ ಉದುರದಿದ್ದರೆ ಮುಂದುವರಿಯಬಹುದು. ಸಡಿಲವಾದ ತಿರುಪಿನ ರಂಧ್ರಕ್ಕೆ ಅಂಟು ಸವರಿದ ಮರದ ಕಡ್ಡಿಗಳನ್ನು ತುಂಬಿ, ಒಣಗಿದ ಮೇಲೆ ಕತ್ತರಿಸಿದರೆ ತಿರುಪು ಮತ್ತೆ ಗಟ್ಟಿಯಾಗಿ ಹಿಡಿಯುತ್ತದೆ. ಮುರಿದ ಮೂಲೆ, ಆಳವಾದ ಗಾಯಗಳಿಗೆ, ಬಣ್ಣ ಹಚ್ಚುವುದಾದರೆ ಎರಡು ಭಾಗ ಬೆರೆಸುವ ಎಪಾಕ್ಸಿ ಪುಟ್ಟಿ ಒಳ್ಳೆಯದು. ಪಾರದರ್ಶಕ ಲೇಪವಾದರೆ ಪುಟ್ಟಿ ಮರದಂತೆ ಸ್ಟೇನ್ ಹೀರುವುದಿಲ್ಲ. ಮೊದಲ ಪದರ ಒಣಗಿದ ಮೇಲೆ ಹೊಂದುವ ಬಣ್ಣದ ಮೇಣದ ಕಡ್ಡಿಯಿಂದ ತುಂಬುವುದು ಮೇಲು.

ಉಜ್ಜುವುದು

ಬರಿಮೈ ಮರಕ್ಕೆ 120 ಸಂಖ್ಯೆಯ ಉಜ್ಜುಕಾಗದದಿಂದ ಆರಂಭಿಸಿ, 150 ಅಥವಾ 180 ದಾಟಿ, 220ಕ್ಕೆ ನಿಲ್ಲಿಸಿ. ನಡುವಿನ ಮೆಟ್ಟಿಲು ಬಿಟ್ಟು ಒಮ್ಮೆಗೇ 220ಕ್ಕೆ ಹೋದರೆ ಮೊದಲಿನ ಒರಟು ಗೀರುಗಳು ಹಾಗೆಯೇ ಉಳಿದು, ಸ್ಟೇನ್ ಬಿದ್ದಾಗ ಕಪ್ಪು ಗೆರೆಗಳಾಗಿ ಎದ್ದು ಕಾಣುತ್ತವೆ. 220ಕ್ಕಿಂತ ಬಹಳ ನುಣುಪು ಮಾಡಿದರೆ ಮರ ಸ್ಟೇನನ್ನು ಸರಿಯಾಗಿ ಕುಡಿಯುವುದಿಲ್ಲ. ಕಾಗದವನ್ನು ಚಪ್ಪಟೆ ದಿಮ್ಮಿಗೆ ಸುತ್ತಿ, ಯಾವಾಗಲೂ ನಾರಿನ ದಿಕ್ಕಿನಲ್ಲೇ ಉಜ್ಜಿರಿ. ಪ್ರತಿ ಸುತ್ತಿಗೂ ಮೊದಲು ಹಲಗೆಯ ಮೇಲೆ ಪೆನ್ಸಿಲಿನಿಂದ ತೆಳುವಾಗಿ ಗೀಚಿಕೊಂಡರೆ, ಗೀಚು ಅಳಿದಲ್ಲೆಲ್ಲ ಕೆಲಸ ಮುಗಿದಿದೆ ಎಂದು ಗೊತ್ತಾಗುತ್ತದೆ. ನೀರು ಆಧಾರಿತ ಲೇಪ ಹಚ್ಚುವವರು 220 ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ, ಒಣಗಿ ಎದ್ದುನಿಂತ ನಾರನ್ನು ಹಗುರವಾಗಿ ಉಜ್ಜಿಬಿಡಬೇಕು.

ವೆನೀರ್, ಎಂದರೆ ಅಗ್ಗದ ಹಲಗೆಯ ಮೇಲೆ ಅಂಟಿಸಿದ ಒಳ್ಳೆಯ ಮರದ ತೆಳು ಹಾಳೆಯ ವಿಷಯದಲ್ಲಿ ಬಹಳ ಎಚ್ಚರ ಬೇಕು. ಇತ್ತೀಚಿನ ಹಾಳೆಗಳ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಅಷ್ಟೇ. ಹಲಗೆಯ ಅಂಚನ್ನು ನೋಡಿ: ಮೇಲ್ಮೈಯ ನಾರಿನ ಗೆರೆಗಳು ಅಂಚನ್ನು ದಾಟಿ ಮುಂದುವರಿಯದಿದ್ದರೆ ಅದು ವೆನೀರ್ ಇರಬಹುದು. ಇದನ್ನು ನೋಡದೆ ನಾನು ಒಮ್ಮೆ ಬರೆಯುವ ಮೇಜೊಂದಕ್ಕೆ ವಿದ್ಯುತ್ ಯಂತ್ರ ಹಿಡಿದೆ. ಕೆಲವೇ ಕ್ಷಣಗಳಲ್ಲಿ ಅಂಚಿನ ಹಾಳೆ ಸವೆದು ಒಳಗಿನ ಹಲಗೆ ಕಾಣಿಸಿತು. ಅಷ್ಟು ಚಂದದ ನಾರು ಇದ್ದ ಆ ಮೇಜಿನ ಮೇಲೆ ಗಾಢ ಬಣ್ಣ ಬಳಿಯುವುದಲ್ಲದೆ ಬೇರೆ ದಾರಿ ಉಳಿಯಲಿಲ್ಲ. ವೆನೀರನ್ನು ಕೈಯಿಂದಲೇ, 220ರ ಕಾಗದದಿಂದಲೇ, ಅಂಚುಗಳನ್ನು ಮುಟ್ಟಿಯೂ ಮುಟ್ಟದ ಹಾಗೆ ಉಜ್ಜಬೇಕು.

ಬಣ್ಣ ಹಚ್ಚುವುದಾದರೆ

ಪ್ರೈಮರ್, ಎಂದರೆ ಬಣ್ಣಕ್ಕೆ ಮೊದಲು ಹಚ್ಚುವ ಅಡಿಪದರ, ಬಿಡಬಾರದು. ಓಕ್, ಮಹಾಗನಿಯಂಥ ಟ್ಯಾನಿನ್ ಹೆಚ್ಚಿರುವ ಮರಗಳ ಮೇಲೆ ತಿಳಿ ಬಣ್ಣ ಹಚ್ಚಿದಾಗ ಹಳದಿ-ಕಂದು ಕಲೆಗಳು ಎರಡು ಮೂರು ಪದರಗಳನ್ನೂ ದಾಟಿ ಮೇಲೆ ಬರುತ್ತವೆ, ಏಕೆಂದರೆ ಟ್ಯಾನಿನ್ ನೀರಿನಲ್ಲಿ ಕರಗಿ ಬಣ್ಣದೊಂದಿಗೆ ಏರುತ್ತದೆ. ಇದನ್ನು ತಡೆಯುವುದರಲ್ಲಿ ಅರಗು ಆಧಾರಿತ ಪ್ರೈಮರ್‌ಗೆ ಸಮನಾದದ್ದಿಲ್ಲ. ಮರದ ಗಂಟುಗಳಿಂದ ಜಿನುಗುವ ರಾಳಕ್ಕೂ ಹಳೆಯ ವಾಸನೆಗೂ ಅದೇ ಮದ್ದು. ಬಣ್ಣ ಹಚ್ಚಿದೊಡನೆ ಅಲ್ಲಲ್ಲಿ ಹಿಂಜರಿದು ಮೀನಿನ ಕಣ್ಣಿನಂಥ ದುಂಡು ಕುಳಿಗಳು ಬಿದ್ದರೆ, ಹಿಂದೆ ಯಾರೋ ಸಿಲಿಕೋನ್ ಇರುವ ಪಾಲಿಶ್ ಸಿಂಪಡಿಸಿದ್ದಾರೆ ಎಂದರ್ಥ. ಆಗ ಬಣ್ಣ ಒರೆಸಿ ತೆಗೆದು, ಟರ್ಪೆಂಟೈನ್‌ನಿಂದ ಮತ್ತೆ ಮತ್ತೆ ಬಟ್ಟೆ ಬದಲಿಸುತ್ತಾ ಸ್ವಚ್ಛಗೊಳಿಸಿ, ಮೇಣ ತೆಗೆದ ಅರಗಿನ ಒಂದು ಪದರದಿಂದ ಮೈ ಮುಚ್ಚಿ ಮುಂದುವರಿಯಿರಿ.

ಗೋಡೆಗೆ ಹಚ್ಚುವ ಬಣ್ಣ ಪೀಠೋಪಕರಣಕ್ಕೆ ಸಲ್ಲದು; ಒಣಗಿದ ಮೇಲೂ ಅದು ಮೆದುವಾಗಿಯೇ ಇದ್ದು, ಮೇಲಿಟ್ಟ ಪುಸ್ತಕ ಅಂಟಿಕೊಳ್ಳುತ್ತದೆ. ಎಣ್ಣೆ ಆಧಾರಿತ ಅಲ್ಕಿಡ್ ಎನಾಮೆಲ್ ಗಟ್ಟಿ, ಕುಂಚದ ಗೆರೆ ಬೇಗ ಕೂಡಿಕೊಳ್ಳುತ್ತದೆ, ಆದರೆ ಬಿಳಿ ಬಣ್ಣ ಕಾಲಕ್ರಮದಲ್ಲಿ, ಅದರಲ್ಲೂ ಬೆಳಕು ಕಡಿಮೆಯಿರುವ ಕಡೆ, ಹಳದಿಗಟ್ಟುತ್ತದೆ. ನೀರು ಆಧಾರಿತ ಅಕ್ರಿಲಿಕ್ ಎನಾಮೆಲ್ ಹಳದಿಯಾಗುವುದು ಕಡಿಮೆ, ವಾಸನೆಯೂ ಕಡಿಮೆ. ಮನೆಯೊಳಗೆ ಕೆಲಸ ಮಾಡುವವರಿಗೆ ನಾನು ಇದನ್ನೇ ಸೂಚಿಸುತ್ತೇನೆ. ಅದಕ್ಕೆ ಕೃತಕ ಎಳೆಗಳ ಕುಂಚ ಬೇಕು. ಸಹಜ ಕೂದಲಿನ ಕುಂಚ ನೀರು ಕುಡಿದು ಜೋಲುತ್ತದೆ, ಅದು ಎಣ್ಣೆ ಬಣ್ಣಕ್ಕೆ ಸರಿ.

ಹಿಡಿಕೆ, ತಿರುಗಣಿಗಳನ್ನೆಲ್ಲ ಬಿಚ್ಚಿ ಎತ್ತಿಡಿ. ಅವುಗಳ ಸುತ್ತ ಬಳಸಿ ಹಚ್ಚಿದ ಬಣ್ಣ ಎಂದಿಗೂ ಅಚ್ಚುಕಟ್ಟಾಗಿ ಕಾಣುವುದಿಲ್ಲ. ಕುರ್ಚಿ, ಮೇಜುಗಳನ್ನು ಮೊದಲು ತಲೆಕೆಳಗು ಮಾಡಿ ಅಡಿಭಾಗ ಮುಗಿಸಿ, ಬಳಿಕ ನಿಲ್ಲಿಸಿ ಮೇಲಿನದನ್ನು ಹಚ್ಚಿರಿ. ಕುಂಚದ ಮೂರನೇ ಒಂದು ಭಾಗ ಮಾತ್ರ ಅದ್ದಿ, ತೆಳುವಾಗಿ ಹರಡಿ, ಕೊನೆಯಲ್ಲಿ ಕುಂಚದ ತುದಿಯಿಂದ ಉದ್ದಕ್ಕೆ ಒಮ್ಮೆ ಸವರಿ ಬಿಟ್ಟುಬಿಡಿ. ಬಣ್ಣ ಎಳೆಯಲಾರಂಭಿಸಿದ ಮೇಲೆ ಬಿಟ್ಟುಹೋದ ಜಾಗ ಕಂಡರೂ ಮುಟ್ಟದೆ, ಮುಂದಿನ ಪದರಕ್ಕೆ ಬಿಡಬೇಕು. ಪದರಗಳ ನಡುವೆ 320ರ ಕಾಗದದಿಂದ ಹಗುರವಾಗಿ ಉಜ್ಜಿ ದೂಳು ಒರೆಸಿ. ಒಂದು ದಪ್ಪ ಪದರ ಮೇಲೆ ಒಣಗಿ ಒಳಗೆ ಹಸಿಯಾಗಿಯೇ ಇರುತ್ತದೆ. ಮೂರು ತೆಳು ಪದರಗಳು ಅದಕ್ಕಿಂತ ಬೇಗ ಗಟ್ಟಿಯಾಗುತ್ತವೆ. ಮಳೆ ಹಿಡಿದ, ಗಾಳಿ ತೇವವಾಗಿರುವ ದಿನಗಳಲ್ಲಿ ಎರಡರ ನಡುವಿನ ಅಂತರವನ್ನು ಹೆಚ್ಚಿಸಿಕೊಳ್ಳಿ. ಸೆಳೆಖಾನೆಗಳಿಗೆ ಮುಂಭಾಗ ಮಾತ್ರ ಹಚ್ಚಿ. ಬದಿಗಳಿಗೆ, ಜಾರುವ ಪಟ್ಟಿಗಳಿಗೆ ಬಣ್ಣ ತಾಗಿದರೆ ಅವು ಸಿಕ್ಕಿಹಾಕಿಕೊಳ್ಳುತ್ತವೆ. ಅಲ್ಲಿ ಮೇಣದ ಬತ್ತಿ ಉಜ್ಜಿದರೆ ಸಾಕು.

ಮರದ ನಾರು ಕಾಣಬೇಕಾದರೆ

ಸ್ಟೇನ್ ಬೇಕೆನಿಸಿದರೆ ಅದೇ ವಸ್ತುವಿನ ಅಡಿಯಲ್ಲಿ ಪರೀಕ್ಷಿಸಿ, ಅದರ ಮೇಲೆ ಲೇಪವನ್ನೂ ಹಚ್ಚಿ ನೋಡಿ ನಿರ್ಧರಿಸಿ. ಹಲಗೆಯ ಕೊಯ್ದ ತುದಿಗಳು ಹೆಚ್ಚು ಹೀರಿ ಕಪ್ಪಾಗುವುದರಿಂದ ಅವನ್ನು ಮಾತ್ರ 320ರವರೆಗೆ ಉಜ್ಜಿಕೊಳ್ಳುವುದು ಒಳ್ಳೆಯ ಉಪಾಯ. ತೇಗ, ಬೀಟೆಗಳಲ್ಲಿ ಸಹಜ ಎಣ್ಣೆ ಇರುವುದರಿಂದ ಲೇಪ ಹಚ್ಚುವ ತುಸು ಮೊದಲು ಥಿನ್ನರ್ ಅಥವಾ ಸ್ಪಿರಿಟ್‌ನಿಂದ ಒರೆಸಬೇಕು.

ಅರಗಿನ ಪಾಲಿಶ್‌ನ ಆಳ, ಬೆಚ್ಚನೆಯ ಬಣ್ಣ ಬೇರೆ ಯಾವುದರಲ್ಲೂ ಸಿಗುವುದಿಲ್ಲವೆಂದು ನಾನು ನಂಬುತ್ತೇನೆ. ಆದರೆ ಬಿಸಿ ಪಾತ್ರೆ, ಮದ್ಯಸಾರ ಎರಡನ್ನೂ ಅದು ತಡೆಯದು; ಆದ್ದರಿಂದ ಅದು ಪೆಟ್ಟಿಗೆ, ಕಪಾಟುಗಳಿಗೆ ತಕ್ಕದ್ದು, ಊಟದ ಮೇಜಿಗಲ್ಲ. ಅಲ್ಲಿ ಪಾಲಿಯುರೆಥೇನ್ ಬೇಕು. ಅದರ ಡಬ್ಬಿಯನ್ನು ಕುಲುಕಬಾರದು, ಕಡ್ಡಿಯಿಂದ ನಿಧಾನವಾಗಿ ಕಲಕಬೇಕು. ಕುಲುಕಿದಾಗ ಸೇರಿದ ಗಾಳಿ ಮೇಲ್ಮೈಯಲ್ಲಿ ಗುಳ್ಳೆಗಳಾಗಿ ಒಣಗಿಬಿಡುತ್ತದೆ. ಎಣ್ಣೆ ಆಧಾರಿತವಾದರೆ ಮೊದಲ ಪದರವನ್ನು ತುಸು ತೆಳು ಮಾಡಿ ಹಚ್ಚಿ, ಮೇಲೆ ಇನ್ನೆರಡು ಪದರ ಕೊಟ್ಟರೆ ದಿನಬಳಕೆಯ ಮೇಜಿಗೆ ಸಾಕು. ನೀರು ಆಧಾರಿತ ಲೇಪದ ಪದರಗಳ ನಡುವೆ ಉಕ್ಕಿನ ನಾರು ಬಳಸಬೇಡಿ. ಸಿಕ್ಕಿಕೊಂಡ ಎಳೆಗಳು ತುಕ್ಕು ಹಿಡಿದು ಚುಕ್ಕೆಗಳಾಗುತ್ತವೆ.

ಅಗಸೆ ಎಣ್ಣೆ, ಡ್ಯಾನಿಷ್ ಎಣ್ಣೆ, ಎಣ್ಣೆ ವಾರ್ನಿಷ್, ಎಣ್ಣೆ ಆಧಾರಿತ ಸ್ಟೇನ್ ಇವುಗಳಲ್ಲಿ ಯಾವುದನ್ನು ಬಳಸಿದರೂ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆಗಳು ಒಣಗುವಾಗ ಆಮ್ಲಜನಕ ಹೀರಿ ಶಾಖ ಬಿಡುತ್ತವೆ. ಮುದ್ದೆಯೊಳಗೆ ಆ ಶಾಖ ಹೊರಹೋಗಲಾರದೆ ಏರುತ್ತಾ, ಕಿಡಿಯೊಂದೂ ಇಲ್ಲದೆ ಕೆಲವೇ ಗಂಟೆಗಳಲ್ಲಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಒಂದೊಂದನ್ನೂ ಬಿಡಿಸಿ, ಹೊರಗೆ, ಒಂದರ ಮೇಲೊಂದು ಬೀಳದಂತೆ ಹರವಿ ಪೂರ್ತಿ ಗಡುಸಾಗುವವರೆಗೆ ಒಣಗಿಸಿ, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ.

ಲೇಪ ಹಚ್ಚಿ ಮುಗಿದ ಮೇಲೆ

ಮುಟ್ಟಿದರೆ ಅಂಟದಿರುವುದು ಬೇರೆ, ಪೂರ್ತಿ ಗಟ್ಟಿಯಾಗುವುದು ಬೇರೆ. ನೀರು ಆಧಾರಿತ ಎನಾಮೆಲ್ ಗಂಟೆಗಳಲ್ಲಿ ಒಣಗಿದಂತೆ ತೋರಿದರೂ ಅದರ ನಿಜವಾದ ಗಡಸುತನ ಬರಲು ಮೂರರಿಂದ ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಮೇಜನ್ನು ಹಗುರವಾಗಿ ಬಳಸಬಹುದು, ಆದರೆ ಭಾರದ ವಸ್ತು ಇಟ್ಟು ಮರೆಯಬಾರದು, ಬಟ್ಟೆ ಹೊದಿಸಬಾರದು, ಒದ್ದೆ ಮಾಡಿ ತೊಳೆಯಬಾರದು. ಬಿಚ್ಚಿಟ್ಟ ಹಿಡಿಕೆಗಳನ್ನು ಈ ನಡುವೆ ಸ್ವಚ್ಛಗೊಳಿಸಿ. ಹಿತ್ತಾಳೆಯಂತೆ ಕಂಡದ್ದಕ್ಕೆ ಅಯಸ್ಕಾಂತ ಹಿಡಿದಾಗ ಅಂಟಿಕೊಂಡರೆ ಅದು ಕಬ್ಬಿಣದ ಮೇಲಿನ ತೆಳು ಲೇಪ, ಗಟ್ಟಿಯಾಗಿ ತಿಕ್ಕಿದರೆ ಹೋಗಿಬಿಡುತ್ತದೆ. ತಿರುಪುಗಳನ್ನು ಹಿಂದಿನ ರಂಧ್ರಗಳಿಗೇ ಕೈಯಿಂದ ಬಿಗಿಯಿರಿ, ಕಾಲುಗಳಿಗೆ ಫೆಲ್ಟ್ ತುಂಡು ಅಂಟಿಸಿ.

ಕೊನೆಯದಾಗಿ, ಒಂದು ಚೀಟಿಯಲ್ಲಿ ಯಾವ ಪ್ರೈಮರ್, ಯಾವ ಲೇಪ, ಎಷ್ಟು ಪದರ, ಯಾವ ದಿನಾಂಕ ಎಂದು ಬರೆದು ಮೇಜಿನ ಅಡಿಗೋ ಸೆಳೆಖಾನೆಯ ಹಿಂಬದಿಗೋ ಅಂಟಿಸಿಡಿ. ಹತ್ತಿಪ್ಪತ್ತು ವರ್ಷಗಳ ಬಳಿಕ ಇದೇ ವಸ್ತುವನ್ನು ಮತ್ತೆ ಕೈಗೆತ್ತಿಕೊಳ್ಳುವವರು ಮರೆಯ ಮೂಲೆಯಲ್ಲಿ ಸ್ಪಿರಿಟ್ ಹನಿ ಇಟ್ಟು ಊಹಿಸಬೇಕಾಗುವುದಿಲ್ಲ.